ಕಾಣದ ಕಡೆಯ ಕೆಲಸ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಕಡಲೆಗಾಗಿಯೇ ಊರು ಬಿಟ್ಟು ಈ ಮುಂಬಯಿಗೆ ಬಂದೆವು. ಗಳಿಕೆಯ ಗಡಿಬಿಡಿಯಲ್ಲಿ ಹಲ್ಲಿನ ನೆನಪಾಗುವುದು ನೋವು ತಡೆಯಲಾರದ ರಾತ್ರಿಯಲ್ಲಿ ಮಾತ್ರ. ನಮ್ಮ ಬಳಗದ ಹುಡುಗಿಯೊಬ್ಬಳು ಡೆಂಟಲ್ ಹೈಜೀನಿಸ್ಟ್ ತರಬೇತಿಗೆ ಸೇರಿದಾಗ, ‘ಹಲ್ಲು ತಿಕ್ಕುವುದನ್ನು ಕಲಿಯಲು ಎರಡು ವರ್ಷ ಬೇಕೇನಮ್ಮ?’ ಎಂದು ನಾವು ನಗೆಯಾಡಿದ್ದೂ ಉಂಟು.

ಈ ವೃತ್ತಿಗೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅಮೆರಿಕೆಯ ಬ್ರಿಜ್‌ಪೋರ್ಟ್ ನಗರದ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ರಿಗೆ ಹಲ್ಲು ಶುಚಿಗೊಳಿಸುವುದನ್ನು ಕಲಿಸಿದರು. 1913ರಲ್ಲಿ ಅದಕ್ಕೆಂದೇ ಶಾಲೆ ತೆರೆದರು. ಹಲ್ಲು ಕೆಟ್ಟ ಮೇಲೆ ಕೀಳುವುದಕ್ಕಿಂತ ಕೆಡದಂತೆ ಕಾಯುವುದು ಮೇಲು ಎಂಬುದು ಅವರ ನಂಬಿಕೆ. ನಮ್ಮ ದೇಶದ 1948ರ ದಂತವೈದ್ಯರ ಕಾಯಿದೆಯೂ ಹೈಜೀನಿಸ್ಟರ ಕೆಲಸವನ್ನು ಹೆಸರಿಸಿತು: ಕಿಟ್ಟ ತೆಗೆಯುವುದು, ಶುಚಿ ಮಾಡುವುದು, ಹೊಳಪು ಕೊಡುವುದು, ತಿಳಿವಳಿಕೆ ಹೇಳುವುದು.

ಹುಡುಗಿ ತರಬೇತಿ ಮುಗಿಸಿ ಒಂದು ದವಾಖಾನೆಗೆ ಸೇರಿದಳು. ಕೆಲವು ವಾರಗಳ ನಂತರ ಮನೆಗೆ ಬಂದವಳು ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಳು. ಗಾರೆಯಂತೆ ಗಟ್ಟಿಯಾದ ಕಿಟ್ಟ ಹಲ್ಲಿನ ಮೇಲಷ್ಟೇ ಅಲ್ಲ, ಒಸಡಿನ ಕೆಳಗೂ ಕೂರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಸಲಕರಣೆಯ ತುದಿ ತಡವರಿಸಿದಾಗ ಬೆರಳಿಗೆ ತಿಳಿಯಬೇಕು. ಅದನ್ನು ಬಿಟ್ಟರೆ ಒಸಡು ಕ್ರಮೇಣ ಸಡಿಲಾಗಿ, ಗಟ್ಟಿ ಹಲ್ಲೂ ಅಲುಗಾಡಬಹುದು. ಆದರೆ ಹೊರಗೆ ಜನ ಕಾದಿರುತ್ತಾರೆ. ‘ಮೇಲೆ ಹೊಳೆದರೆ ಸಾಕು, ಬೇಗ ಮುಗಿಸು’ ಎಂದು ಯಜಮಾನರು ಅವಸರಪಡಿಸುತ್ತಾರೆ. ರೋಗಿ ಕನ್ನಡಿ ನೋಡಿಕೊಂಡು ಸಂತೋಷದಿಂದ ಹೋಗುತ್ತಾನೆ. ‘ನಾನು ಮಾಡಿದ್ದು ಮೋಸವೆ? ನೀವೇ ಹೇಳಿ’ ಎಂದಳು.

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ದರ್ಜಿ ಹೊಲಿದ ಅಂಗಿಯನ್ನು ತೊಟ್ಟು ನೋಡಬಹುದು, ಅಡಿಗೆಯವನ ಸಾರನ್ನು ಉಂಡು ನೋಡಬಹುದು. ಇಲ್ಲಿ ಬಾಯಿ ತೆರೆದು ಕುಳಿತವನಿಗೆ ಪರೀಕ್ಷಿಸುವ ದಾರಿಯೇ ಇಲ್ಲ. ಸಲಕರಣೆಗಳನ್ನು ಹಬೆಯಲ್ಲಿ 121 ಡಿಗ್ರಿ ಶಾಖಕ್ಕೆ ತಕ್ಕಷ್ಟು ಹೊತ್ತು ಇಟ್ಟರೋ ಇಲ್ಲವೋ ಎಂಬುದೂ ಅವನಿಗೆ ತಿಳಿಯದು. ನಂಬಿಕೆಯೊಂದೇ ಅವನ ಆಧಾರ. ಹಾಗೆಂದು ಒಬ್ಬನಿಗೇ ಒಂದು ಗಂಟೆ ಕೊಟ್ಟು ಹೊರಗಿನ ನಾಲ್ವರನ್ನು ಹಿಂದೆ ಕಳಿಸುವುದು ನ್ಯಾಯವೆ? ಕೆಲಸ ಕಳೆದುಕೊಂಡರೆ ಮನೆಬಾಡಿಗೆ ಕಟ್ಟುವವರು ಯಾರು?

ಬಹಳ ಹೊತ್ತು ಮಾತಾಡಿದ ಮೇಲೆ ನಮಗೆ ತೋರಿದ್ದು ಇಷ್ಟು. ಕೆಲಸ ಅರ್ಧಕ್ಕೆ ನಿಂತದ್ದು ಮೋಸವಲ್ಲ. ಅರ್ಧವನ್ನು ಪೂರ್ತಿಯೆಂದು ನಂಬಿಸುವುದು ಮೋಸ. ‘ಇಂದು ಇಷ್ಟಾಗಿದೆ, ಒಸಡಿನ ಕೆಳಗೆ ಇನ್ನೂ ಉಳಿದಿದೆ, ಮತ್ತೊಮ್ಮೆ ಬನ್ನಿ’ ಎನ್ನಲು ಒಂದು ನಿಮಿಷ ಸಾಕು. ಆ ಒಂದು ನಿಮಿಷಕ್ಕೆ ಬೇಕಾದ ಧೈರ್ಯವೂ ವೃತ್ತಿಯ ಸಿದ್ಧತೆಯ ಒಂದು ಭಾಗವೇ. ನೆರೆಯವರು ‘ಈ ಹಲ್ಲನ್ನು ನೀನೇ ಕಿತ್ತುಬಿಡಮ್ಮ’ ಎಂದಾಗ ‘ಅದು ಡಾಕ್ಟರ ಕೆಲಸ’ ಎನ್ನುವುದೂ ಅದೇ ಧೈರ್ಯ.

ಅವಳು ಹಾಗೆಯೇ ಹೇಳತೊಡಗಿದಳು. ಯಜಮಾನರು ಗೊಣಗಿದರಂತೆ. ಊರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರಿಗೆ ಕನ್ನಡದಲ್ಲೇ ತಿಳಿಸಿ ಹೇಳಿದಾಗ, ಅವರು ಮುಂದಿನ ವಾರ ತಪ್ಪದೆ ಬಂದರಂತೆ. ಬಾರದವರೂ ಹಲವರಿದ್ದಾರೆ. ‘ಮತ್ತೊಮ್ಮೆ ಬನ್ನಿ ಎಂದರೆ ದುಡ್ಡಿಗಾಗಿ ಎಂದುಕೊಳ್ಳುತ್ತಾರೆ’ ಎಂದು ಅವಳು ಬೇಸರಪಟ್ಟಳು.

ಹಾಗೆ ಅಂದುಕೊಳ್ಳುವವರು ಬೇರೆ ಯಾರೂ ಅಲ್ಲ, ನಾವೇ. ಹೊಳಪಿಗೆ ಸಂತೋಷದಿಂದ ಹಣ ಕೊಡುತ್ತೇವೆ, ನಿಜ ಹೇಳಿದವರನ್ನು ಸಂಶಯದಿಂದ ನೋಡುತ್ತೇವೆ. ನಮ್ಮ ಮಕ್ಕಳು ಕಾಣದ ಕಡೆಯಲ್ಲೂ ಪ್ರಾಮಾಣಿಕರಾಗಿರಲಿ ಎಂದು ಬಯಸುವ ನಾವು, ಆ ಪ್ರಾಮಾಣಿಕತೆ ನಮ್ಮ ಎದುರಿಗೆ ನಿಂತಾಗ ಅದನ್ನು ಗುರುತಿಸುವಷ್ಟಾದರೂ ಸಿದ್ಧರಾಗಿರಬೇಡವೆ?