500ರಿಂದ 2000ದವರೆಗೆ

ಪುಣೆಯಿಂದ ಸೋಲಾಪುರದ ಹೆದ್ದಾರಿ ಹಿಡಿದರೆ ದೌಂಡ್ ತಾಲ್ಲೂಕಿನಲ್ಲಿ ಕುರಕುಂಭ ಸಿಗುತ್ತದೆ. ಫಿರಂಗಾಯಿ ದೇವಿಯ ಗುಡಿ, ಅಲ್ಲಲ್ಲಿ ಕಬ್ಬಿನ ಗದ್ದೆ, ಆಚೆಗೆ ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶ. ನನ್ನ ಹೆಂಡತಿಗೆ ಅಲ್ಲಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ನಾನು ವಾರಕ್ಕೆರಡು ದಿನ ಪುಣೆಯ ಆಫೀಸಿಗೆ ಹೋಗಿ, ಉಳಿದ ದಿನ ಮನೆಯಿಂದಲೇ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವನು.

ಬಿ.ಎಸ್‌ಸಿ. ಓದುತ್ತಿರುವ ಮಗಳು ಕಾಲೇಜಿನ ಸಂಶೋಧನಾ ಪ್ರಾಜೆಕ್ಟಿಗೆ ನಮ್ಮೂರಿನ ಬಾವಿ ನೀರನ್ನೇ ವಿಷಯವಾಗಿ ಆರಿಸಿಕೊಂಡಳು. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ತೋರಿಸಿದಳು. ಹನ್ನೊಂದು ಜಾಲತಾಣಗಳು, ಎಲ್ಲವೂ ನೀರು ಕೆಟ್ಟಿದೆ ಎನ್ನುತ್ತಿದ್ದವು. “ಹನ್ನೊಂದು ಆಕರ ಸಾಕಲ್ವಾ ಅಪ್ಪಾ?” ಎಂದಳು. ಒಂದೊಂದಾಗಿ ತೆರೆದು ಓದಿಸಿದೆ. ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. ಹತ್ತು ಮಂದಿ ಒಬ್ಬನಿಂದ ನಕಲು ಮಾಡಿದ್ದರು.

ಪುಣೆಯಲ್ಲಿ ಕೂತವರಿಗೆ ಇದಕ್ಕೆ ಉದಾಹರಣೆ ದೂರದಲ್ಲಿಲ್ಲ. 1917ರಲ್ಲಿ ಸ್ಥಾಪನೆಯಾದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. ವಿ.ಎಸ್. ಸುಕ್ಥಣಕರ್ ಮತ್ತು ಅವರ ನಂತರದವರು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ನೋಡಿದರು. ಅಂಥ ಕೆಲಸದ ಮೊದಲ ಪಾಠವೇ ಇದು: ಒಂದೇ ಪ್ರತಿಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪ್ರತಿಗಳನ್ನು ಎಣಿಸಿದರೆ ಸಾಲದು, ತೂಗಬೇಕು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಪಾಠ ಖಚಿತವಿಲ್ಲದ ಕಡೆ ಆ ಪದದ ಕೆಳಗೆ ಅವರು ಅಲೆಯಂಥ ಗೆರೆ ಎಳೆದರು. ಅನುಮಾನವನ್ನು ಮುಚ್ಚಿಡದೆ ಪುಟದಲ್ಲೇ ಅಚ್ಚು ಹಾಕಿಸಿದರು.

ಇಷ್ಟೆಲ್ಲ ಹೇಳಿ ದೊಡ್ಡವನಾದೆ. ನನ್ನ ಸರದಿ ಮುಂದಿನ ವಾರ ಬಂತು.

ಮಗಳು ಟಿಡಿಎಸ್ ಮೀಟರ್ ಹಿಡಿದು ಬಾವಿಗಳ ಸುತ್ತ ಅಲೆದಳು. ಲೀಟರಿಗೆ ಸಾವಿರ ಮಿಲಿಗ್ರಾಂನ ಆಸುಪಾಸು ಬಂತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಇದಕ್ಕೆ ಎರಡು ಅಂಕಿಗಳಿವೆ. ಸ್ವೀಕಾರಾರ್ಹ ಮಿತಿ 500. ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ 2000. ಮೊದಲನೆಯದನ್ನು ಹಿಡಿದರೆ ‘ಮಿತಿ ಮೀರಿದೆ’, ಎರಡನೆಯದನ್ನು ಹಿಡಿದರೆ ‘ಮಿತಿಯೊಳಗಿದೆ’. ಎರಡಕ್ಕೂ ಆಕರ ಒಂದೇ.

“2000 ಅಂತ ಬರಿ” ಅಂದೆ. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ನನ್ನ ಎಂ.ಟೆಕ್. ಪ್ರಬಂಧದ ಕೊನೆಯಲ್ಲಿ 60 ಆಕರಗಳಿದ್ದವು. ಪೂರ್ತಿ ಓದಿದ್ದು ಹೆಚ್ಚೆಂದರೆ 20. ಉಳಿದವನ್ನು ಬೇರೆಯವರ ಪಟ್ಟಿಯಿಂದ ಎತ್ತಿಕೊಂಡಿದ್ದೆ. ಅದು ಸೋಮಾರಿತನ. ಇದು ಬೇರೆ. ಇಲ್ಲಿ ನಮ್ಮ ಮನೆಯ ಅನ್ನ ಅಂಕಿಯನ್ನು ಆರಿಸಿತ್ತು. ನನಗೆ ಬೇಡವಾದ ಹನ್ನೊಂದು ಪುಟಗಳನ್ನು ಭೂತಗನ್ನಡಿ ಹಿಡಿದು ನೋಡಿದವನು, ಬೇಕಾದ ಒಂದು ಅಂಕಿಯನ್ನು ಕಣ್ಣು ಮುಚ್ಚಿ ಒಪ್ಪಿದ್ದೆ.

ನ್ಯಾಯದರ್ಶನದಲ್ಲಿ ‘ಆಪ್ತ’ ಎಂಬ ಮಾತಿದೆ. ನಂಬಬಹುದಾದ ಮಾತು ಆಪ್ತನದು. ಯಾರು ಆಪ್ತ? ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ವಿಷಯವನ್ನು ಸ್ವತಃ ಅರಿತವನು, ಅರಿತದ್ದನ್ನು ಅರಿತಂತೆ ತಿಳಿಸಲು ಬಯಸುವವನು. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನಾಗಿರಬಹುದು. ಲಕ್ಷಣ ಎಲ್ಲರಿಗೂ ಒಂದೇ. ಹುದ್ದೆ, ಪದವಿ, ಲೆಟರ್‌ಹೆಡ್ಡಿನ ಮಾತೇ ಅಲ್ಲಿಲ್ಲ. ಆಕರವನ್ನು ಅಳೆಯುವುದು ಜಾಣತನದ ಪ್ರಶ್ನೆ ಮಾತ್ರ ಎಂದುಕೊಂಡಿದ್ದೆ. ಅದು ನ್ಯಾಯದ ಪ್ರಶ್ನೆಯೂ ಹೌದು. ಯಾರ ಮಾತಿಗೆ ಎಷ್ಟು ತೂಕ ಎಂದು ನಿರ್ಧರಿಸುವಾಗ ತಕ್ಕಡಿ ಹಿಡಿದ ಕೈ ಯಾರದು ಎಂದೂ ಕೇಳಬೇಕಾಗುತ್ತದೆ.

ಬಾವಿಯ ಹತ್ತಿರದ ಮನೆಯ ಆಜಿಯನ್ನು ಮಗಳು ಮರಾಠಿಯಲ್ಲಿ ಮಾತಾಡಿಸಿದ್ದಳು. ಮೊದಲು ಈ ನೀರಲ್ಲಿ ಬೇಳೆ ಬೇಗ ಬೇಯುತ್ತಿತ್ತು, ಈಗ ಬೇಯುವುದಿಲ್ಲ ಎಂದರಂತೆ. ಅದನ್ನು ‘ಜನರ ಅಭಿಪ್ರಾಯ’ ಎಂದು ಅನುಬಂಧಕ್ಕೆ ತಳ್ಳಲು ಹೇಳಿದವನೂ ನಾನೇ. ಯೋಚಿಸಿ ನೋಡಿದರೆ, ಗಡಸು ನೀರಿನಲ್ಲಿ ಬೇಳೆ ಬೇಯುವುದು ನಿಧಾನ. ದಿನಾ ಅದೇ ನೀರಲ್ಲಿ ಅಡುಗೆ ಮಾಡಿದ ಆಜಿಯದು ಅಭಿಪ್ರಾಯವಲ್ಲ, ವೀಕ್ಷಣೆ. ಆದರೆ ನೀರು ಗಡಸಾದದ್ದು ಯಾಕೆ ಎಂಬುದಕ್ಕೆ ಅವರು ಸಾಕ್ಷಿಯಲ್ಲ. ಮೀಟರೂ ಅಲ್ಲ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಕರಗಿರುವ ಲವಣ ಕಲ್ಲಿನದೋ, ಗೊಬ್ಬರದ್ದೋ, ಕಾರ್ಖಾನೆಯದೋ ಅದಕ್ಕೆ ಗೊತ್ತಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊನೆಗೆ ಮಗಳು ಎರಡೂ ಅಂಕಿ ಬರೆದಳು. ಆಜಿಯ ಮಾತನ್ನು ಮುಖ್ಯ ಅಧ್ಯಾಯಕ್ಕೆ ತಂದಳು. ಕಾರಣದ ಬಗ್ಗೆ ‘ಈ ಅಧ್ಯಯನದಿಂದ ಹೇಳಲಾಗದು’ ಎಂದು ಒಂದು ಸಾಲು ಸೇರಿಸಿದಳು. ಅದು ಅವಳ ಅಲೆಗೆರೆ.

ಪೀಠಿಕೆಯಲ್ಲಿ ಇನ್ನೊಂದು ಸಾಲಿತ್ತು: ಸಂಶೋಧಕಿಯ ತಾಯಿ ಇಲ್ಲಿನ ಕಾರ್ಖಾನೆಯೊಂದರ ಉದ್ಯೋಗಿ.

“ಇದು ಬೇಕಾ?” ಅಂದೆ.

“ಆಜಿ ಎಲ್ಲಿರ್ತಾರೆ, ಏನು ಮಾಡ್ತಾರೆ ಎಲ್ಲ ಬರೆದಿದೀನಲ್ಲ ಅಪ್ಪಾ. ನಮ್ಮದು ಯಾಕೆ ಬೇಡ?”

ಅಡುಗೆಮನೆಯಿಂದ ಅವಳಮ್ಮ, “ಇರಲಿ ಬಿಡ್ರೀ” ಅಂದಳು. ಸಾಲು ಉಳಿಯಿತು.