ಮಂಡಿಯೂರಿದವನ ಒಳಗೇನಿತ್ತು?

ಗಟ್ಟಿ ಎದುರಾಳಿ ಸಿಕ್ಕಾಗಲೇ ಮನುಷ್ಯನ ಅಸಲಿ ಬಣ್ಣ ಬಯಲಾಗುವುದು ಎಂಬ ಮಾತನ್ನು ಮದುವೆಮನೆಯ ಪಂಕ್ತಿಯಲ್ಲೂ ಕೇಳಿದ್ದೇನೆ, ಚುನಾವಣೆ ಮುಗಿದ ಮರುದಿನ ಅರಳಿಕಟ್ಟೆಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. 2025ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯ ಬಾಕ್ಸಿಂಗ್ ಕಣದಲ್ಲಿ ಒಲೆಕ್ಸಾಂಡರ್ ಉಸಿಕ್ ಐದನೇ ಸುತ್ತಿಗೇ ಡೇನಿಯಲ್ ಡುಬ್ವಾನನ್ನು ಮಲಗಿಸಿದಾಗ, ನನ್ನೊಡನೆ ನಿದ್ದೆಗೆಟ್ಟು ಪಂದ್ಯ ನೋಡುತ್ತಿದ್ದ ಗೆಳೆಯ ಅಂದ: “ಈ ಡುಬ್ವಾನ ಯೋಗ್ಯತೆ 2020ರಲ್ಲೇ ಗೊತ್ತಾಗಿತ್ತಲ್ಲ, ಬಿಡು.” ಆ ‘ಗೊತ್ತಾಗಿತ್ತು’ ಎಂಬುದು ಸುಳ್ಳು ಅಂತ ತೋರಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

2020ರ ನವೆಂಬರ್ 28ರಂದು ಡುಬ್ವಾಗೆ 23 ವರ್ಷ. ಆಡಿದ 15 ಪಂದ್ಯಗಳನ್ನೂ ಗೆದ್ದಿದ್ದ, ಅದರಲ್ಲಿ 14 ನಾಕೌಟ್. ಬ್ರಿಟಿಷ್ ಹೆವಿವೇಟ್‌ನ ಮುಂದಿನ ದೊರೆ ಇವನೇ ಎಂದು ಪ್ರಚಾರ ನಡೆದಿತ್ತು. ಎದುರಿಗೆ ನಿಂತದ್ದು 35ರ ಜೋ ಜಾಯ್ಸ್, ರಿಯೋ ಒಲಿಂಪಿಕ್ಸ್‌ನ ಬೆಳ್ಳಿ ಪದಕದವನು. ನಡೆ ನಿಧಾನ, ಆದರೆ ಎಷ್ಟು ಹೊಡೆದರೂ ಹಿಂದೆ ಸರಿಯದ ಆಸಾಮಿ. ಅವನ ಎಡಗೈ ಜಾಬ್ (ನೇರ ಗುದ್ದು) ಸುತ್ತಿನಿಂದ ಸುತ್ತಿಗೆ ಡುಬ್ವಾನ ಎಡಗಣ್ಣನ್ನೇ ಹುಡುಕಿಕೊಂಡು ಬಂತು. ಕಣ್ಣು ಊದಿ ಮುಚ್ಚಿತು. ಹತ್ತನೇ ಸುತ್ತಿನಲ್ಲಿ ಇನ್ನೊಂದು ಜಾಬ್ ಬಿದ್ದಾಗ ಡುಬ್ವಾ ಮಂಡಿಯೂರಿದ. ರೆಫರಿ ಹತ್ತು ಎಣಿಸಿ ಮುಗಿಸುವವರೆಗೂ ಏಳಲಿಲ್ಲ. ಕಣ್ಣುಗೂಡಿನ ಮೂಳೆ ಮುರಿದಿತ್ತೆಂಬುದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಬಾಕ್ಸಿಂಗ್ ಪಂಡಿತರಲ್ಲಿ ಕೆಲವರು ‘ಕೈಚೆಲ್ಲಿದವನು’ ಎಂದು ತೀರ್ಪು ಕೊಟ್ಟಾಗಿತ್ತು. ಆ ಲೋಕದಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಈ ಬಗೆಯ ತೀರ್ಪಿಗೆ ತತ್ತ್ವಜ್ಞಾನದ ಬೆಂಬಲವೂ ಉಂಟು. ಎಲ್ಲವನ್ನೂ ಪೂರ್ವಕರ್ಮಕ್ಕೆ ಹಚ್ಚುವವರೊಡನೆ ನನಗೆ ಜಗಳವಿಲ್ಲ. ಅಲ್ಲಿ ಪಂದ್ಯ ಶುರುವಾಗುವ ಮೊದಲೇ ಮುಗಿದಿರುತ್ತದೆ. ‘ನನ್ನನ್ನು ಕೊಲ್ಲದ್ದು ನನ್ನನ್ನು ಗಟ್ಟಿಮಾಡುತ್ತದೆ’ ಎಂಬ ನೀತ್ಷೆಯ ಪ್ರಸಿದ್ಧ ಸಾಲು ಜಿಮ್‌ಗಳ ಗೋಡೆಗೆ ಅಂಟಿ ಸವೆದುಹೋಗಿದೆ. ನಿಜವಾದ ಎದುರಾಳಿ ಸೆನೆಕ. ಕಾರ್ಸಿಕಾದಲ್ಲಿ ಎಂಟು ವರ್ಷ ಗಡಿಪಾರು ಅನುಭವಿಸಿ, ನೀರೋನಿಗೆ ಪಾಠ ಹೇಳಿ, ಕಡೆಗೆ ಕ್ರಿ.ಶ. 65ರಲ್ಲಿ ಅವನದೇ ಆಜ್ಞೆಗೆ ಪ್ರಾಣ ಬಿಟ್ಟ ಈ ರೋಮನ್ನನಿಗೆ ಪೆಟ್ಟಿನ ಬಗ್ಗೆ ಮಾತಾಡುವ ಹಕ್ಕು ಇದೆ. ದೈವದ ವ್ಯವಸ್ಥೆಯನ್ನು ಕುರಿತ ಪ್ರಬಂಧದಲ್ಲಿ ಅವನ ವಾದ ಇದು: ಎದುರಾಳಿ ಇಲ್ಲದೆ ಗುಣ ಬಾಡುತ್ತದೆ, ಜೀವನವಿಡೀ ಸೆಣಸದವನ ಶಕ್ತಿ ಎಷ್ಟೆಂದು ಅವನಿಗೇ ಗೊತ್ತಾಗುವುದಿಲ್ಲ. ಒಂದು ಪತ್ರದಲ್ಲಿ ಇನ್ನೂ ಮುಂದೆ ಹೋಗಿ, ತನ್ನ ರಕ್ತ ತಾನೇ ಕಂಡ ಮಲ್ಲನೇ ಭರವಸೆಯಿಂದ ಕಣಕ್ಕಿಳಿಯಬಲ್ಲ ಎನ್ನುತ್ತಾನೆ.

ಇಲ್ಲಿ ಎರಡು ವಾದಗಳು ಒಂದೇ ಅಂಗಿ ತೊಟ್ಟು ನಿಂತಿವೆ. ಪೆಟ್ಟು ಒಳಗಿದ್ದುದನ್ನು ತೋರಿಸುತ್ತದೆ ಎಂಬುದು ಒಂದು. ಪೆಟ್ಟು ಒಳಗಿಲ್ಲದ್ದನ್ನು ಹುಟ್ಟಿಸುತ್ತದೆ ಎಂಬುದು ಇನ್ನೊಂದು. ಒರೆಗಲ್ಲಿಗೆ ಉಜ್ಜಿದ ಚಿನ್ನ ಉಜ್ಜಿದ್ದರಿಂದ ಬೇರೆ ಲೋಹವಾಗುವುದಿಲ್ಲ. ಅದಕ್ಕೇ ಅಕ್ಕಸಾಲಿಗನ ಮಾತನ್ನು ನಂಬುತ್ತೇವೆ. ಹತ್ತು ಸುತ್ತು ಜಾಬ್ ತಿಂದವನಾದರೋ ಮೊದಲ ಗಂಟೆ ಹೊಡೆದಾಗ ಇದ್ದ ಮನುಷ್ಯನೇ ಅಲ್ಲ. ಹಾಗಾದರೆ ಹತ್ತನೇ ಸುತ್ತು ಯಾರ ಗುಣವನ್ನು ತೋರಿಸಿತು?

ಒಳಗಿದ್ದುದನ್ನು ಓದಿದೆವು ಎನ್ನುವವರಿಗೆ ಇನ್ನೊಂದು ಮಂಡಿಯನ್ನು ನೆನಪಿಸುತ್ತೇನೆ. 1995ರ ಫೆಬ್ರವರಿ 25ರಂದು, ಅದೇ ಲಂಡನ್ನಿನಲ್ಲಿ, ಅದೇ ಹತ್ತನೇ ಸುತ್ತಿನಲ್ಲಿ ಬಾಕ್ಸರ್ ಜೆರಾಲ್ಡ್ ಮೆಕ್‌ಕ್ಲೆಲನ್ ಮಂಡಿಯೂರಿದ. ಮೊದಲ ಸುತ್ತಿನಲ್ಲಿ ಎದುರಾಳಿ ನೈಜೆಲ್ ಬೆನ್‌ನನ್ನು ಹಗ್ಗದಾಚೆಗೆ ಹೊಡೆದು ಹಾಕಿದ್ದವನು ಅವನು. ಧೈರ್ಯ ಸೋತಿತು ಎಂಬ ಮಾತು ಅಂದೂ ಬಂತು. ಅವನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ದೃಷ್ಟಿ ಹೋಯಿತು, ಮತ್ತೆ ಮೊದಲಿನಂತೆ ನಡೆದಾಡಲಾಗಲಿಲ್ಲ.

ಇನ್ನು, ಪರೀಕ್ಷೆಯನ್ನು ಏರ್ಪಡಿಸುವವರು ಯಾರು? ಗರಡಿಯಲ್ಲಿ ಬೆಳೆದ ನನ್ನ ಸೋದರಮಾವನಿಗೆ ಮೈಸೂರು ದಸರಾ ಕುಸ್ತಿಯ ದಿನಕ್ಕಿಂತ ಜೋಡಿ ಕಟ್ಟುವ ದಿನವೇ ಹೆಚ್ಚು ಚಡಪಡಿಕೆ. ಅರ್ಧ ಕುಸ್ತಿ ಅಲ್ಲೇ ಮುಗಿಯುತ್ತದೆ ಅನ್ನುತ್ತಿದ್ದರು. ಬಾಕ್ಸಿಂಗ್‌ನಲ್ಲಿ ಆ ಕೆಲಸ ಪ್ರಮೋಟರ್‌ನದು. ಹೊಸ ಹುಡುಗನಿಗೆ ಮೊದಲು ಸೋಲುವುದನ್ನೇ ಕಸುಬು ಮಾಡಿಕೊಂಡವರನ್ನು ತಂದು ನಿಲ್ಲಿಸಿ, ಸೋಲಿಲ್ಲದ ದಾಖಲೆ ಕಟ್ಟಿ, ಟಿಕೆಟ್ ಮಾರುವಷ್ಟು ಹೆಸರಾದ ಮೇಲೆ ಗಟ್ಟಿಗನ ಎದುರು ಬಿಡುತ್ತಾರೆ. ಬಯಲಾದದ್ದು ಹುಡುಗನ ಬಣ್ಣವೋ, ಜೋಡಿ ಕಟ್ಟಿದವನ ಲೆಕ್ಕಾಚಾರವೋ? ಕಣದಾಚೆಯೂ ಇದೇ ಕಥೆ. ಒಮ್ಮೆ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರಾಗಿ ನನ್ನ ಪಕ್ಕ ಕೂತವರು, ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಮೂರನೇ ಪ್ರಶ್ನೆಗೆ ತಡವರಿಸಿದ್ದನ್ನು ಕಂಡು ಏನೋ ಕಂಡುಹಿಡಿದವರಂತೆ ನಕ್ಕರು. ಅರ್ಧ ಗಂಟೆ ಬಿಟ್ಟು ಅದೇ ಹುಡುಗಿ ಕ್ಯಾಂಟೀನಿನಲ್ಲಿ ಅದೇ ಪ್ರಶ್ನೆಯನ್ನು ಗೆಳತಿಯರಿಗೆ ಬಿಡಿಸಿ ಹೇಳುತ್ತಿದ್ದಳು. ಎರಡರಲ್ಲಿ ನಕ್ಕವರಿಗೆ ನಿಜ ಅನ್ನಿಸಿದ್ದು ಮೊದಲನೆಯದು, ಅವರು ಕೂತು ನೋಡಿದ್ದು.

ಇಷ್ಟಾದರೂ ಸೆನೆಕ ಸೋಲಲಿಲ್ಲ. ಅವನು ಪ್ರೇಕ್ಷಕರಿಗಾಗಿ ಬರೆದವನಲ್ಲ; ಪೆಟ್ಟು ತಿನ್ನುತ್ತಿರುವವನು ಅದನ್ನು ಹೇಗೆ ಸ್ವೀಕರಿಸಬೇಕೆಂದು ಬರೆದವನು. ‘ನನ್ನನ್ನು ನಾನು ಅರಿಯಲು ಇದು ಬೇಕಿತ್ತು’ ಎಂದು ಡುಬ್ವಾ ಹೇಳಿಕೊಂಡರೆ ಅದು ತಪ್ಪೆನ್ನಲು ನಾನು ಯಾರು? ನಾವು ಗ್ಯಾಲರಿಯಲ್ಲಿ ಕೂತು ಹೇಳಿದರೆ ಮಾತ್ರ ಅದು ಕ್ರೌರ್ಯ. ಆದರೆ ಈ ರಾಜಿಯೂ ನೆಟ್ಟಗೆ ನಿಲ್ಲುವುದಿಲ್ಲ. ವಿಧಿಯೊಡನೆ ಸೆಣಸುವ ಧೀರನನ್ನು ದೇವರೇ ಕೂತು ನೋಡಿ ಮೆಚ್ಚುತ್ತಾನೆಂದು ಅದೇ ಪ್ರಬಂಧ ಹೇಳುತ್ತದೆ. ಗ್ಯಾಲರಿಯ ಮೊದಲ ಕುರ್ಚಿಯನ್ನು ಹಾಕಿಸಿದವನೇ ಸೆನೆಕ.

ಮುಂದಿನ ಕಥೆಯೂ ನನ್ನ ವಾದಕ್ಕೆ ಪೂರ್ತಿ ಒದಗುವುದಿಲ್ಲ. ಡುಬ್ವಾ 2023ರಲ್ಲಿ ಪೋಲೆಂಡಿನಲ್ಲಿ ಉಸಿಕ್‌ಗೆ ಒಮ್ಮೆ ಸೋತ. 2024ರ ಸೆಪ್ಟೆಂಬರ್ 21ರಂದು ವೆಂಬ್ಲಿಯಲ್ಲಿ, 96,000 ಜನರೆದುರು, ಆಂಟನಿ ಜೋಶುವಾನನ್ನು ಮತ್ತೆ ಮತ್ತೆ ಕೆಡವಿ ಐದನೇ ಸುತ್ತಿನಲ್ಲಿ ಮುಗಿಸಿದ. ಸೆನೆಕನ ರಕ್ತ ಕಂಡ ಮಲ್ಲ ಎಂದರೆ ಇವನೇ ಅನ್ನಿಸಿತು. ಹತ್ತು ತಿಂಗಳಿಗೆ ಅದೇ ಅಂಗಳದಲ್ಲಿ ಅವನೇ ಮಲಗಿದ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: “2020ರ ಸೋಲು ಅವನು ಯಾರೆಂದು ಹೇಳುವುದಿಲ್ಲ ಅನ್ನುವುದಾದರೆ, ಜೋಶುವಾ ಮೇಲಿನ ಗೆಲುವೂ ಹೇಳಬಾರದು, ಅಲ್ಲವೇ?” ತರ್ಕದ ಪ್ರಕಾರ ಹೌದು. ಸೋಲನ್ನು ಗುಣದ ಲೆಕ್ಕದಿಂದ ಹೊಡೆದುಹಾಕಿದವನು ಗೆಲುವನ್ನೂ ಹೊಡೆದುಹಾಕಬೇಕು. ಜೋಶುವಾ ಸೋತ ಆ ರಾತ್ರಿ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಒಂದು ಅಂಕಿಗೆ ಅಲ್ಲ, ಒಬ್ಬ ಮನುಷ್ಯನಿಗೆ. ಆ ಚಪ್ಪಾಳೆಯನ್ನು ವಾಪಸು ಪಡೆಯಲು ನಾನು ತಯಾರಿಲ್ಲ. ಅದನ್ನು ಉಳಿಸಿಕೊಂಡೂ 2020ರ ತೀರ್ಪನ್ನು ಸುಳ್ಳೆನ್ನುವ ವಾದ ನನಗಿನ್ನೂ ಸಿಕ್ಕಿಲ್ಲ.