ಹಲಗೆಯನ್ನು ಯಾರು ಆರಿಸಬೇಕು?


ಇಂದಿನ ಚಿಂತನೆ: ಸಮ್ಮಾ ಆಜೀವ



ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಚಾಚಾ ಹೋದ ತಿಂಗಳು ತೀರಿಕೊಂಡರು. ನಮ್ಮ ವಿಹಾರದ ಹಾರ್ಮೋನಿಯಂ, ಭೀಮಗೀತೆ ತಂಡದ ಡೋಲಕ್ ಎರಡೂ ಅಲ್ಲಿಂದ ಬಂದವೇ. ಶಾಲೆಯ ತಬಲಾ ರಿಪೇರಿಗೆ ನಾನು ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಸಣ್ಣ ಸುತ್ತಿಗೆಯಿಂದ ಗಟ್ಟಾ ತಟ್ಟಿ ಸ್ವರ ಕೂಡಿಸುವಾಗ ಅವರು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಸ್ವರ ಕೂಡಿದ ಮೇಲೆಯೇ ಚಹಾ ತರಿಸಿ ಮಾತಿಗೆ ಕೂರುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಬಾರಿಸುವವರೇ ಬಂದು, ಕೈಯಿಟ್ಟು ನೋಡಿ, ವಾದ್ಯ ಆರಿಸಬೇಕು. ಮಗನಿಗೆಂದು ತಬಲಾ ಕೊಳ್ಳಲು ಬಂದ ತಂದೆಗೂ “ಹುಡುಗನ್ನ ಕರ್ಕೊಂಡು ಬರ್ರಿ” ಎನ್ನುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಹಳ್ಳಿಯೊಂದರ ಗೌಡರು ಬಂದು, “ಜಾತ್ರಿ ಬಂತು, ಊರ ಹಲಗಿ ಹರದೈತಿ. ಬಾರಿಸೋರಿಗೆ ಒಂದು ಕೊಡಬೇಕು” ಎಂದರು. ಚಾಚಾ ಹೇಳಿದರು: “ರೊಕ್ಕ ನಿಮ್ದ ಇರಬಹುದ್ರಿ ಗೌಡ್ರ, ಕೈ ಅವರ್ದು. ಅವರೇ ಬರ್ಲಿ. ಬಾರಿಸೋ ಮನಸ್ಸೈತೇನು ಅಂತ ಮೊದ್ಲು ಅವರನ್ನ ಕೇಳ್ರಿ.” ಗೌಡರು ಸಿಟ್ಟಿನಿಂದ ಬೇರೆ ಅಂಗಡಿಗೆ ನಡೆದರು.

ಈ ಮಾತು ಈಗ ಮತ್ತೆ ನೆನಪಾಗಲು ಕಾರಣವಿದೆ. ಬುದ್ಧ ಪೂರ್ಣಿಮೆಯ ಮೆರವಣಿಗೆಗೆ ಹಲಗೆ ಇರಲಿ ಎಂದು ನಮ್ಮ ಯುವಕರು, ಬೇಡವೇ ಬೇಡ ಎಂದು ಹಿರಿಯರು. ಸತ್ತ ದನ ಹೊರುವುದನ್ನು, ಹಲಗೆ ಬಾರಿಸುವುದನ್ನು ಬಿಟ್ಟಿದ್ದಕ್ಕೆ ಹಿರಿಯರು ಬಹಿಷ್ಕಾರ ಅನುಭವಿಸಿದವರು, ಏಟು ತಿಂದವರು. ಅದನ್ನೇ ಬುದ್ಧನ ಮುಂದೆ ತರುವುದೇ ಎಂಬುದು ಅವರ ನೋವು. ಯುವಕರ ಮಾತೂ ಹಗುರವಾದದ್ದಲ್ಲ: ಇದು ನಮ್ಮ ಅಜ್ಜಂದಿರ ಕೈಯ ವಿದ್ಯೆ, ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ, ನಾವೇಕೆ ನಾಚಬೇಕು?

ಧಮ್ಮ ಏನು ಹೇಳುತ್ತದೆ? ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತದಲ್ಲಿ ಭಗವಾನರು ಉಪಾಸಕರಿಗೆ ಬೇಡವೆಂದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಈ ಪಟ್ಟಿಯಲ್ಲಿ ಮೈಲಿಗೆಯ ಮಾತೇ ಇಲ್ಲ. ಐದರಲ್ಲೂ ಎದ್ದು ಕಾಣುವುದು ಪರರಿಗೆ ಆಗುವ ಕೇಡು. ಕಸುಬನ್ನು ಅಳೆಯುವ ಕೋಲು ಅದು. ಮಾಡುವವನ ಹುಟ್ಟು ಅಲ್ಲ. ದೀಘ ನಿಕಾಯದ ಸಿಗಾಲೋವಾದ ಸುತ್ತ ಇನ್ನೊಂದು ಕೋಲು ಕೊಡುತ್ತದೆ. ಕೆಲಸ ಮಾಡಿಸುವವನು ಶಕ್ತಿ ನೋಡಿ ಕೆಲಸ ಹಚ್ಚಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಲ್ಲಿ ನೋಡಿಕೊಳ್ಳಬೇಕು, ಸಮಯಕ್ಕೆ ಬಿಡುವು ಕೊಡಬೇಕು. ಊರಿನ ಬಿಟ್ಟಿ ಚಾಕರಿಯನ್ನು ಇದರ ಪಕ್ಕ ಇಟ್ಟು ನೋಡಿ. ಮೊರಕ್ಕೆ ಬಿದ್ದ ಕಾಳೇ ಕೂಲಿ; ಒಲ್ಲೆ ಎನ್ನುವ ಹಕ್ಕು ಇಲ್ಲ. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಮುಂದಿಡುವ ಒಂದು ವಾದವೂ ಇದೇ: ಜಾತಿಯಲ್ಲಿ ಮನುಷ್ಯನು ಕಸುಬನ್ನು ಆರಿಸುವುದಿಲ್ಲ, ಹುಟ್ಟು ಅವನಿಗೆ ಕಸುಬನ್ನು ಹೊರಿಸುತ್ತದೆ.

ಹಾಗಾದರೆ ಹೀನವಾದದ್ದು ಚರ್ಮವಲ್ಲ, ನಾದವಲ್ಲ. “ಬಾರಿಸು” ಎಂಬ ಅಪ್ಪಣೆ. ಪುಸ್ತಕ ಓದಿ ನಾನು ತಲುಪಿದ ಈ ಮಾತನ್ನು ಚಾಚಾ ಅಂಗಡಿಯ ಕಟ್ಟೆಯ ಮೇಲೆ ಕೂತು, ವ್ಯಾಪಾರ ಕಳೆದುಕೊಂಡು ನಡೆಸಿದರು.

ಯುವಕರಿಗೆ ನನ್ನದೊಂದು ವಿನಂತಿ. ಹಿರಿಯರು ಅಂದು ಹಲಗೆಯನ್ನು ಕೆಳಗಿಟ್ಟರು. ಅದಕ್ಕೇ ಇಂದು ನೀವು ಅದನ್ನು ಎತ್ತಿಕೊಳ್ಳುವುದು ಆಯ್ಕೆಯಾಗಿದೆ, ಚಾಕರಿಯಾಗಿಲ್ಲ. ಮೊದಲು ಅವರ ಬಳಿ ಕೂತು, ಬಿಟ್ಟ ದಿನ ಏನೇನಾಯಿತು ಎಂದು ಕೇಳಿ. ನಾದ ಕೇಳಿ ಯಾರಾದರೂ ಎದ್ದು ಹೋದರೆ ಅವರನ್ನು ಹಳೆಯ ಕಾಲದವರು ಎನ್ನಬೇಡಿ. ಅವರ ಕಿವಿಯಲ್ಲಿ ಬೇರೆ ನೆನಪಿದೆ. ನಾಳೆ ಊರಿನವರು “ನಿಮ್ಮ ಮೆರವಣಿಗೆಗೆ ಬಾರಿಸಿದಿರಿ, ನಮ್ಮ ಜಾತ್ರೆಗೂ ಬನ್ನಿ” ಎಂದರೆ, ಇಲ್ಲ ಎನ್ನುವ ಧೈರ್ಯ ಎಲ್ಲರಿಗೂ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಬಾರಿಸಿ. ಹಿರಿಯರಲ್ಲೂ ಕೇಳುತ್ತೇನೆ: ಮನಸ್ಸಿಟ್ಟು ಕಲಿತ ಕೈಯನ್ನು ತಡೆಯುವುದೂ ಒಂದು ಅಪ್ಪಣೆಯೇ ಆಗಲಾರದೇ?

ಚಾಚಾರ ನಿಯಮ ಹಲಗೆಗೆ ಮಾತ್ರವಲ್ಲ. ಮನೆಯಲ್ಲಿ ಪಾತ್ರೆ ಯಾರ ಕೈಗೆ, ವಿಹಾರದಲ್ಲಿ ಪೊರಕೆ ಯಾರ ಕೈಗೆ, ನಮ್ಮಂಥ ಶಾಲೆಗಳಲ್ಲಿ ಕಸಬರಿಗೆ ಯಾವ ಮಗುವಿನ ಕೈಗೆ ಹೋಗುತ್ತದೆ? ಇಂದು ಧ್ಯಾನಕ್ಕೆ ಕೂತಾಗ ಐದು ನಿಮಿಷ ಇದನ್ನು ಯೋಚಿಸೋಣ: ಕೇಳದೆ ನಾನು ಯಾರ ಕೈಗೆ ಏನನ್ನು ಕೊಡುತ್ತಿದ್ದೇನೆ?

ಭವತು ಸಬ್ಬ ಮಂಗಲಂ.